ಐ-ಲೀಗ್ ಗೆದ್ದವರು ಮೇಲೆ ಹೋಗೋದು ಯಾವ ಲೆಕ್ಕದಲ್ಲಿ? ಬೆಂಗಳೂರಿನ ಕ್ಲಬ್ಬುಗಳು ಅಲ್ಲಿ ಯಾಕೆ ನಿಲ್ಲಲ್ಲ?

ಮೂಲೆ_ಧ್ವಜ
2025ರ ಜುಲೈ 18ಕ್ಕೆ ಸಿಎಎಸ್ (ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರೋ ಕ್ರೀಡಾ ನ್ಯಾಯಮಂಡಳಿ) ತೀರ್ಪು ಬಂದು, ಐಎಸ್‌ಎಲ್ ಕೆಳಗಿನ ಎರಡನೇ ದರ್ಜೆಯ ಫುಟ್ಬಾಲ್ ಲೀಗ್ ಆದ ಐ-ಲೀಗ್‌ನ 2024-25ರ ಚಾಂಪಿಯನ್ ಇಂಟರ್ ಕಾಶಿ ಅಂತ ಆಯ್ತಲ್ಲ, ಆವತ್ತಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. ಏಪ್ರಿಲ್ 6ಕ್ಕೆ ಲೀಗ್ ಮುಗಿದಾಗ ಚರ್ಚಿಲ್ ಬ್ರದರ್ಸ್ 40 ಪಾಯಿಂಟ್, ಕಾಶಿ 39. ಆಮೇಲೆ ಒಂದು ಪಂದ್ಯವನ್ನೂ ಆಡದೆ ಕಾಶಿ 42ಕ್ಕೆ ಹೋಗಿದ್ದು ಹೇಗೆ?

ಇನ್ನೊಂದು. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಬಂತು, ಒಂದೇ ಸೀಸನ್‌ನಲ್ಲಿ ಡೆಲ್ಲಿ ಎಫ್‌ಸಿ ಜೊತೆ ಕೆಳಗೆ ಹೋಯ್ತು. ಇಷ್ಟು ದೊಡ್ಡ ಊರು, ಎರಡನೇ ದರ್ಜೆಯಲ್ಲಿ ಒಂದು ತಂಡ ನಿಲ್ಲಿಸೋಕೆ ಆಗಲ್ವಾ? ಗೊತ್ತಿರೋರು ಬಿಡಿಸಿ ಹೇಳಿ. "ಭಾರತದ ಫುಟ್ಬಾಲ್ ಇಷ್ಟೇ ಕಣ್ರೋ" ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ.

ಗೋಲ್‌ಕಿಕ್
ಭಾರತದ ಫುಟ್ಬಾಲ್ ಇಷ್ಟೇ ಕಣ್ರೋ.

ನಿಯಮಾವಳಿ_ನಂಜ
ಮೊದಲ ಪ್ರಶ್ನೆಗೆ ಉತ್ತರ. ಇದಕ್ಕೆ ಮೂಲ 2025ರ ಜನವರಿ 13ರ ನಾಮ್‌ಧಾರಿ–ಇಂಟರ್ ಕಾಶಿ ಪಂದ್ಯ. ನಾಮ್‌ಧಾರಿ 2-0 ಗೆದ್ದಿತು. ಆದರೆ ಅವರ ಬ್ರೆಜಿಲ್ ಆಟಗಾರ ಕ್ಲೆಡ್ಸನ್ ಕಾರ್ವಾಲೋ, ಜೆರ್ಸಿ ಮೇಲೆ 'ಡೆ', ನಾಲ್ಕು ಹಳದಿ ಕಾರ್ಡ್ ಸೇರಿ ಆ ಪಂದ್ಯಕ್ಕೆ ಅಮಾನತಿನಲ್ಲಿದ್ದ ಅನ್ನೋದು ಕಾಶಿಯ ದೂರು. ಅನರ್ಹ ಆಟಗಾರನನ್ನು ಇಳಿಸಿದರೆ ಸಾಮಾನ್ಯ ಶಿಕ್ಷೆ ಇದು: ಪಂದ್ಯ ಮುಟ್ಟುಗೋಲು, ಎದುರಾಳಿಗೆ 3-0, ಮೂರು ಪಾಯಿಂಟ್.

ಎಐಎಫ್‌ಎಫ್ (ಅಖಿಲ ಭಾರತ ಫುಟ್ಬಾಲ್ ಫೆಡರೇಷನ್) ಶಿಸ್ತು ಸಮಿತಿ ಹಾಗೇ ತೀರ್ಪು ಕೊಟ್ಟಿತು. ಮೇಲ್ಮನವಿ ಸಮಿತಿ ಅದನ್ನು ತಿರುಗಿಸಿತು. ಕಾಶಿಯವರು ಲೌಸಾನ್‌ಗೆ ಹೋದರು, ಅಲ್ಲಿ ಮತ್ತೆ ತಿರುಗಿತು. ಏಪ್ರಿಲ್ ಕೊನೆಗೆ ಗೋವಾದಲ್ಲಿ ಚರ್ಚಿಲ್ ಕೈಗೆ ಟ್ರೋಫಿ ಕೊಟ್ಟೂ ಆಗಿತ್ತು, ಸಿಎಎಸ್ ತಡೆಯಾಜ್ಞೆ ಬಂದದ್ದೂ ಅದೇ ಹೊತ್ತಿಗೆ.

ಲೆಕ್ಕ ಇಷ್ಟೇ: 22 ಪಂದ್ಯದಲ್ಲಿ ಕಾಶಿ 11 ಗೆಲುವು, 6 ಡ್ರಾ, 5 ಸೋಲು, ಒಟ್ಟು 39. ಒಂದು ಸೋಲು ಗೆಲುವಾದರೆ 12, 6, 4. ಅದು 42. ಚರ್ಚಿಲ್ 11, 7, 4, ಅಲ್ಲೇ 40.

ಕಲ್ಯಾಣಿ_ಎಕ್ಸ್‌ಪ್ರೆಸ್
ಕೇಸು ಒಂದೇ ಅಲ್ಲ ನಂಜಣ್ಣ. ಎರಡನೆಯದು ಮಾರಿಯೋ ಬಾರ್ಕೋದು. ಕಾಶಿಯವರು ಅವನನ್ನು ಗಾಯ ಅಂತ ಪಟ್ಟಿಯಿಂದ ತೆಗೆದು, ಸೀಸನ್ ಮಧ್ಯೆ ಮತ್ತೆ ನೋಂದಾಯಿಸಿದರು. ಒಮ್ಮೆ ತೆಗೆದ ವಿದೇಶಿಯನ್ನು ಅದೇ ಸೀಸನ್‌ನಲ್ಲಿ ವಾಪಸ್ ತರೋದು ನಿಯಮಕ್ಕೆ ವಿರುದ್ಧ ಅಂತ ಚರ್ಚಿಲ್, ನಾಮ್‌ಧಾರಿ, ರಿಯಲ್ ಕಾಶ್ಮೀರ್ ಮೂರೂ ಸೇರಿ ಹಿಡಿದುಕೊಂಡವು. ಜುಲೈ 18ರ ತೀರ್ಪು ಅದರ ಮೇಲೆ. ಕಾರ್ಡಿನ ಕೇಸು ಜೂನ್‌ನಲ್ಲೇ ಮುಗಿದಿತ್ತು. ಬಾರ್ಕೋ ಕೇಸಲ್ಲಿ ಸೋತಿದ್ದರೆ ಬಂದ ಮೂರು ಪಾಯಿಂಟ್ ಜೊತೆ ಇನ್ನೂ ಎಷ್ಟೋ ಪಾಯಿಂಟ್ ಹೋಗ್ತಿತ್ತು, ಯಾಕಂದ್ರೆ ಅವನು ಆಡಿದ ಪ್ರತಿ ಪಂದ್ಯಕ್ಕೂ ಲೆಕ್ಕ.

ಮೂಲೆ_ಧ್ವಜ
ಅಂದ್ರೆ ಏಪ್ರಿಲ್ 6ರ ಆ ಸಂಜೆ ಎಲ್ಲರೂ ನೋಡಿದ್ದು ಸುಮ್ನೇನಾ?

ಕಲ್ಯಾಣಿ_ಎಕ್ಸ್‌ಪ್ರೆಸ್
ಸುಮ್ನೆ ಅಂತ ಯಾಕೆ, ಆ ಸಂಜೆ ಚೆನ್ನಾಗೇ ಇತ್ತು. ಬೆಳಗ್ಗೆ ಚರ್ಚಿಲ್ 39, ಗೋಕುಲಂ 37, ಕಾಶಿ ಮತ್ತು ರಿಯಲ್ ಕಾಶ್ಮೀರ್ ತಲಾ 36. ನಾಲ್ಕು ತಂಡಕ್ಕೂ ಬಾಗಿಲು ತೆರೆದಿತ್ತು. ಶ್ರೀನಗರದಲ್ಲಿ ಚರ್ಚಿಲ್–ರಿಯಲ್ ಕಾಶ್ಮೀರ್ 1-1, ಗೋಕುಲಂ ಡೆಂಪೊ ಎದುರು 3-4ರಲ್ಲಿ ಸೋತು ಕೈಯಲ್ಲಿದ್ದದ್ದನ್ನು ಬಿಟ್ಟಿತು, ಕಾಶಿ ರಾಜಸ್ಥಾನ್ ಯುನೈಟೆಡ್‌ನ 3-1ರಲ್ಲಿ ಹೊಡೆಯಿತು. ಹಿಂದಿನ ಎರಡು ವರ್ಷ ಪಂಜಾಬ್ ಮತ್ತು ಮೊಹಮ್ಮಡನ್ ಇಬ್ಬರೂ 52 ಪಾಯಿಂಟ್ ಮಾಡಿ ಗೆದ್ದಿದ್ದರು. ಈ ಸಲ 40ರ ಆಸುಪಾಸು. ಅಷ್ಟು ಬಿಗಿಯಾಗಿದ್ದಕ್ಕೇ ಒಂದು ಹಳದಿ ಕಾರ್ಡು ಲೀಗಿನ ಹಣೆಬರಹ ಬದಲಿಸಿದ್ದು.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಅಲ್ರೀ, ಕಾಶಿ ಅಂತೀರಿ, ಆ ಸೀಸನ್ ಆಡಿದ್ದು ಪಶ್ಚಿಮ ಬಂಗಾಳದ ಕಲ್ಯಾಣಿಯೊಳಗ. ಡೆಲ್ಲಿ ಎಫ್‌ಸಿ ಅಂತೀರಿ, ತವರು ಪಂದ್ಯ ಪಂಜಾಬಿನ ಮಾಹಿಲ್‌ಪುರದಾಗ. ಇದೆಂಥಾ ತವರು ಮಾರಾಯ? ಕಲ್ಯಾಣಿ ಅಂದಕೂಡ್ಲೆ ಬಸವಕಲ್ಯಾಣ ಅನ್ಕೊಂಡು ಬೀದರ್ ಬಸ್ ಹತ್ತಬ್ಯಾಡ್ರಿ ಮತ್ತ.

ನಿಯಮಾವಳಿ_ನಂಜ
ತವರು ಊರಲ್ಲಿ ಕ್ಲಬ್ ಲೈಸೆನ್ಸ್‌ಗೆ (ಲೀಗ್ ಆಡೋ ಪರವಾನಗಿ) ತಕ್ಕ ಮೈದಾನ ಇಲ್ಲದಿದ್ದರೆ ಬೇರೆ ಕಡೆ ಒಪ್ಪಂದ ತೋರಿಸಬಹುದು, ನಿಯಮದಲ್ಲೇ ಅವಕಾಶ ಇದೆ. ನೆರೋಕಾ, ಟ್ರಾವು ಇಂಫಾಲ ಬಿಟ್ಟು ಹೊರಗೆ ಆಡಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ, 2023ರ ಮಣಿಪುರದ ಗಲಭೆ. 2023-24ರಲ್ಲಿ ಕೆಳಗಿಳಿದ ಎರಡೂ ತಂಡ ಅವೇ. ಅದನ್ನು ಕಾಶಿ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ.

ಕಂಠೀರವ_ಗ್ಯಾಲರಿ
ಎಲ್ಲರೂ ಮೂಲ ಪ್ರಶ್ನೆ ಬಿಟ್ಟಿರಿ. ಗೆದ್ದರೆ ಮೊದಲ ದರ್ಜೆಯ ಐಎಸ್‌ಎಲ್‌ಗೆ ಹೋಗೋದು ಪಕ್ಕಾನಾ? 2019ರ ಅಕ್ಟೋಬರ್‌ನಲ್ಲಿ ಏಷ್ಯಾದ ಫುಟ್ಬಾಲ್ ಒಕ್ಕೂಟ ಎಎಫ್‌ಸಿ ಕ್ವಾಲಾಲಂಪುರದಲ್ಲಿ ಕೂತು ಹಾಕಿದ ಹಾದಿ ಹೀಗಿತ್ತು: 2022-23 ಮತ್ತು 2023-24ರ ಐ-ಲೀಗ್ ವಿಜೇತರು ಭಾಗವಹಿಸುವ ಶುಲ್ಕ ಕಟ್ಟದೆ ಐಎಸ್‌ಎಲ್‌ಗೆ. ಕೆಳಗಿಳಿಸುವುದು ಇಲ್ಲ. 2024-25ರಿಂದ ಏರೋದೂ ಇಳಿಯೋದೂ ಎರಡೂ. ಮೊದಲ ಭಾಗ ನಡೆಯಿತು: ಪಂಜಾಬ್ ಎಫ್‌ಸಿ ಏರಿತು, ಮೊಹಮ್ಮಡನ್ ಏರಿತು. ಎರಡನೇ ಭಾಗ ಕಾಗದದಲ್ಲೇ ಉಳಿಯಿತು. 2024-25ರ ಐಎಸ್‌ಎಲ್‌ನಲ್ಲಿ ಮೊಹಮ್ಮಡನ್ನೇ ಕೊನೆಯ ಸ್ಥಾನ, ಇಳಿಯಲಿಲ್ಲ.

ಹಾಗಾಗಿ 2024-25ರವರೆಗೆ ಪೂರ್ತಿ ಎರಡನೇ ದರ್ಜೆ ಅನ್ನೋಕೆ ಆಗ್ತಿರಲಿಲ್ಲ. ಮೇಲಿನಿಂದ ಯಾರೂ ಬೀಳ್ತಿರಲಿಲ್ಲ, ಕೆಳಗಿಂದ ಒಬ್ಬರು ಹತ್ತುತ್ತಿದ್ದರು. ಇಳಿಯೋ ಭಯ ಇದ್ದದ್ದು ಐ-ಲೀಗ್ ಕ್ಲಬ್ಬಿಗೆ ಮಾತ್ರ.

ಎಫ್‌ಪಿಎಲ್_ಫಣಿ
ಇಂಗ್ಲೆಂಡ್ ಚಾಂಪಿಯನ್‌ಶಿಪ್ ನೋಡಿ ಕಲೀಬೇಕು. 24 ತಂಡ, 46 ಪಂದ್ಯ, ಮೊದಲೆರಡು ನೇರ ಮೇಲಕ್ಕೆ, ಅವುಗಳ ಹಿಂದಿನವಕ್ಕೆ ಪ್ಲೇಆಫ್, ಮೂರು ಇಳಿಯುತ್ತವೆ. ಕ್ಲೀನ್.

ಕಂಠೀರವ_ಗ್ಯಾಲರಿ
ಕ್ಲೀನ್ ಅಂತೆ! ಪ್ರೀಮಿಯರ್ ಲೀಗಿನಿಂದ ಬಿದ್ದವರಿಗೆ ಮೊದಲ ವರ್ಷ ಪ್ರಸಾರದ ಸಮಪಾಲಿನ 55%, ಎರಡನೇ ವರ್ಷ 45%, ಮೂರನೇ ವರ್ಷ 20% ಪ್ಯಾರಾಚೂಟ್ ಹಣ ಬರುತ್ತೆ. ಅಷ್ಟು ದುಡ್ಡಿಟ್ಟುಕೊಂಡವನ ಜೊತೆ ಬರಿಗೈಲಿ ಇರೋನು ಓಡಬೇಕು. 2021-22ರಲ್ಲಿ ಡರ್ಬಿ ಕೌಂಟಿಯಿಂದ 21 ಪಾಯಿಂಟ್ ಕಡಿದದ್ದು ನೆನಪಿದ್ಯಾ? 12 ದಿವಾಳಿ ಆಡಳಿತಕ್ಕೆ ಹೋಗಿದ್ದಕ್ಕೆ, 9 ಲೆಕ್ಕಪತ್ರಕ್ಕೆ. ಅಲ್ಲೂ ಟೇಬಲ್ ಕಚೇರಿಯಲ್ಲೇ ಬದಲಾಯ್ತು.

ಎಫ್‌ಪಿಎಲ್_ಫಣಿ
ಆದ್ರೂ ಅಲ್ಲಿ ಸೀಸನ್ ನಡೀತಿರುವಾಗಲೇ ಕಡಿದರು. ಮುಗಿದು ಮೂರು ತಿಂಗಳಾದ ಮೇಲೆ ಚಾಂಪಿಯನ್ ಯಾರು ಅಂತ ಹೇಳೋ ಪರಿಸ್ಥಿತಿ ಅಲ್ಲಿ ಬರಲಿಲ್ಲ.

ಕಂಠೀರವ_ಗ್ಯಾಲರಿ
ಅದು ಸರಿ. ಜನವರಿ ಪಂದ್ಯಕ್ಕೆ ಜೂನ್ ತೀರ್ಪು, ಚಾಂಪಿಯನ್ ಯಾರು ಅನ್ನೋದು ಜುಲೈಗೆ, ಅದಕ್ಕೆ ಕ್ಷಮೆ ಇಲ್ಲ.

ಲೈಸೆನ್ಸ್_ಲಿಂಗಪ್ಪ
ಗೆದ್ದ ಮೇಲೆ ಬೇಕಾಗೋದು ಏನು ಅಂತ ಯಾರೂ ಹೇಳಿಲ್ಲ, ಹೇಳ್ತೀನಿ. ಕ್ಲಬ್ ಲೈಸೆನ್ಸಿಂಗ್‌ನಲ್ಲಿ ಐದು ಭಾಗ: ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ-ಆಡಳಿತ, ಕಾನೂನು, ಹಣಕಾಸು.

ಕ್ರೀಡೆ ಅಂದರೆ ವಯೋಮಿತಿ ತಂಡಗಳು ಮತ್ತು ಯುವ ಕಾರ್ಯಕ್ರಮ. ಕಾಗದದಲ್ಲಿ ತಂಡ ತೋರಿಸಿ, ಅವು ಲೀಗ್ ಆಡಿದ ದಾಖಲೆ ಇಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳ್ತಾರೆ. ಮೂಲಸೌಕರ್ಯಕ್ಕೆ ಮೈದಾನ ಸ್ವಂತದ್ದು ಇರಬೇಕು, ಇಲ್ಲವೇ ಮಾಲೀಕರ ಸಹಿ ಇರುವ ಬರಹದ ಒಪ್ಪಂದ ಇರಬೇಕು. "ಮಾತಾಡಿದ್ದೀವಿ ಸಾರ್, ಕೊಡ್ತಾರೆ" ನಡೆಯಲ್ಲ. ಸಿಬ್ಬಂದಿಯಲ್ಲಿ ಮುಖ್ಯ ಕೋಚ್‌ನ ಲೈಸೆನ್ಸ್ ದರ್ಜೆ, ವೈದ್ಯರು, ಫಿಸಿಯೊ, ಭದ್ರತಾ ಅಧಿಕಾರಿ, ಹಣಕಾಸು ಅಧಿಕಾರಿ, ಎಲ್ಲರದ್ದೂ ನೇಮಕ ಪತ್ರ. ಕಾನೂನು ಭಾಗ ಕ್ಲಬ್ಬಿನ ಮಾಲೀಕತ್ವ ಯಾರದ್ದು ಅನ್ನೋದರ ಬಗ್ಗೆ.

ಹೆಚ್ಚು ಕ್ಲಬ್ ಎಡವೋದು ಹಣಕಾಸಿನಲ್ಲಿ. ಲೆಕ್ಕ ಪರಿಶೋಧಿಸಿದ ಬ್ಯಾಲೆನ್ಸ್ ಶೀಟ್ ಬೇಕು, ಜೊತೆಗೆ ಬೇರೆ ಕ್ಲಬ್ಬಿಗೆ, ಆಟಗಾರರಿಗೆ, ತೆರಿಗೆ ಇಲಾಖೆಗೆ ಗಡುವು ಮೀರಿದ ಬಾಕಿ ಇರಬಾರದು. ಹಳೇ ವಿದೇಶಿಯೊಬ್ಬನ ಎರಡು ತಿಂಗಳ ಸಂಬಳ ಉಳಿಸಿಕೊಂಡು ಕಳಿಸಿದರೆ ಅವನು ಫಿಫಾಗೆ ಬರೀತಾನೆ. ತೀರ್ಪು ಬಂದೂ ಕಟ್ಟದಿದ್ದರೆ ನೋಂದಣಿ ನಿಷೇಧ. ಆಗ ಜನವರಿಯಲ್ಲಿ ಹೊಸ ಸ್ಟ್ರೈಕರ್ ತರೋಕೆ ದುಡ್ಡಿದ್ದರೂ ಹೆಸರು ಸೇರಿಸೋಕೆ ಆಗಲ್ಲ.

ಗೋಲ್‌ಕಿಕ್
ಲಿಂಗಪ್ಪೋರು ಕಚೇರಿ ಟೈಮಲ್ಲಿ ಬರೆದಿದ್ದಾರೆ ಅನ್ಸುತ್ತೆ.

ತುಳುನಾಡ_ಥ್ರೋಇನ್
ಎಸ್‌ಸಿ ಬೆಂಗಳೂರು ಬಗ್ಗೆ ಯಾರಾದ್ರೂ ಹೇಳಿ ಮಾರಾಯ್ರೆ, ಎಲ್ಲ ಕಾಶಿಯಾತ್ರೆಗೆ ಹೋಗಿದ್ದೀರಿ.

ಅಶೋಕನಗರ_ಟರ್ಫ್
ಹೇಳ್ತೀನಿ. ಐ-ಲೀಗ್ ಶುರುವಾಗಿದ್ದು 2024ರ ನವೆಂಬರ್ 22. 12 ತಂಡ, 22 ಪಂದ್ಯ, ಅದರಲ್ಲಿ 11 ಹೊರಗೆ. ಆ 11 ಊರು ನೋಡಿ: ಶ್ರೀನಗರ, ಐಜ್ವಾಲ್, ಶಿಲ್ಲಾಂಗ್, ಲುಧಿಯಾನ ಬಳಿಯ ಭೈಣಿ ಸಾಹಿಬ್, ಮಾಹಿಲ್‌ಪುರ, ಕಲ್ಯಾಣಿ, ಗೋವಾಕ್ಕೆ ಎರಡು ಸಲ, ಕೋಝಿಕ್ಕೋಡ್, ಹೈದರಾಬಾದ್, ರಾಜಸ್ಥಾನ್. ಬೆಂಗಳೂರಿನಿಂದ ಐಜ್ವಾಲ್‌ಗೆ ಹೋಗೋದಂದ್ರೆ ಕೋಲ್ಕತಾದಲ್ಲೋ ಗುವಾಹಟಿಯಲ್ಲೋ ವಿಮಾನ ಬದಲಿಸಿ ಲೆಂಗ್‌ಪುಯ್‌ನಲ್ಲಿ ಇಳಿದು, ಅಲ್ಲಿಂದ 32 ಕಿ.ಮೀ. ಬೆಟ್ಟದ ದಾರಿ. ಒಂದು ಸಂಪರ್ಕ ವಿಮಾನ ತಪ್ಪಿದರೆ ಪಂದ್ಯದ ಹಿಂದಿನ ದಿನದ ಅಭ್ಯಾಸ ಹೋಯ್ತು. ಆಟಗಾರರು, ಸಿಬ್ಬಂದಿ ಸೇರಿ ಮೂವತ್ತು ಜನರ ಟಿಕೆಟ್ಟು, ವೇಳಾಪಟ್ಟಿ ಬದಲಾದರೆ ರದ್ದತಿ ಶುಲ್ಕ, ಕಿಟ್ ಬ್ಯಾಗಿನ ಹೆಚ್ಚುವರಿ ತೂಕ. ಬಜೆಟ್ ತಿನ್ನೋದು ಅದು. ಐ-ಲೀಗ್ 2ರಿಂದ ಬಂದ ಕ್ಲಬ್ಬಿಗೆ ಹೋದ ವರ್ಷದ ಬಜೆಟ್ಟೇ ಸಾಕಾಗಲ್ಲ.

ಎರಡನೆಯದು ಮೈದಾನ. ಶ್ರೀನಗರದ ಟಿಆರ್‌ಸಿ, ಐಜ್ವಾಲ್, ನಮ್ಮ ಅಶೋಕನಗರದ ಬಿಎಫ್‌ಎಸ್ ಎಲ್ಲ ಕೃತಕ ಹುಲ್ಲು. ಕೋಝಿಕ್ಕೋಡ್‌ನ ಇಎಂಎಸ್ ನಿಜವಾದ ಹುಲ್ಲು. ವಾರ ಬಿಟ್ಟು ವಾರ ನೆಲ ಬದಲಾದರೆ ಮೀನಖಂಡ, ಸೊಂಟದ ಸ್ನಾಯು ಹಿಡೀತವೆ. ಬೆಂಚಿನಲ್ಲಿ ಅಷ್ಟೇ ಗಟ್ಟಿ ಇರೋರು ಇನ್ನೊಂದು ಹತ್ತು ಜನ ಇಲ್ಲದಿದ್ದರೆ ಫೆಬ್ರವರಿ ಹೊತ್ತಿಗೆ ತಂಡ ತೆಳ್ಳಗಾಗುತ್ತೆ.

ತುಳುನಾಡ_ಥ್ರೋಇನ್
ಕೃತಕ ಹುಲ್ಲು ಎಲ್ಲ ಒಂದೇ ಅಲ್ವಾ?

ಅಶೋಕನಗರ_ಟರ್ಫ್
ಖಂಡಿತಾ ಅಲ್ಲ. ಫಿಫಾದಲ್ಲಿ ಮುಖ್ಯವಾಗಿ ಎರಡು ದರ್ಜೆ: ಕ್ವಾಲಿಟಿ ಪ್ರೊ ಮತ್ತು ಕ್ವಾಲಿಟಿ. ಪ್ರೊ ಪ್ರಮಾಣಪತ್ರ ಒಂದು ವರ್ಷಕ್ಕೆ, ಇನ್ನೊಂದು ಮೂರು ವರ್ಷಕ್ಕೆ. ಚೆಂಡನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ ಪ್ರೊ ನೆಲದಲ್ಲಿ 60ರಿಂದ 85 ಸೆಂ.ಮೀ. ಪುಟಿಯಬೇಕು, ಕ್ವಾಲಿಟಿಯಲ್ಲಿ 1 ಮೀಟರ್‌ವರೆಗೂ ನಡೆಯುತ್ತೆ. ಇಳಿಜಾರು ಹಲಗೆಯಿಂದ ಉರುಳಿಸಿದ ಚೆಂಡು ಪ್ರೊದಲ್ಲಿ 4ರಿಂದ 8 ಮೀಟರ್ ಓಡಬೇಕು, ಇನ್ನೊಂದರಲ್ಲಿ 10ರವರೆಗೆ.

ಕೆಡೋದು ಹೇಗೆ ಅಂದ್ರೆ, ನಾರುಗಳ ನಡುವೆ ತುಂಬಿದ ಕಪ್ಪು ರಬ್ಬರ್ ಕಾಳು ಪೆನಾಲ್ಟಿ ಸ್ಪಾಟ್, ಗೋಲಿನ ಬಾಯಿ, ಕಾರ್ನರ್ ಜಾಗದಲ್ಲಿ ಚದುರಿಹೋಗುತ್ತೆ. ಉಳಿದ ಕಡೆ ತುಳಿದು ತುಳಿದು ಗಟ್ಟಿಯಾಗುತ್ತೆ. ನಾರು ಒಂದೇ ಕಡೆ ಮಲಗುತ್ತೆ. ಆಗ ಚೆಂಡು ಎತ್ತರಕ್ಕೆ ಪುಟೀತದೆ, ಪಾಸ್ ಜಾರಿ ಗೆರೆ ದಾಟುತ್ತೆ. ವಾರಕ್ಕೊಮ್ಮೆಯಾದರೂ ಬ್ರಷ್ ಎಳೆದು ನಾರು ಎಬ್ಬಿಸಿ, ಖಾಲಿ ಜಾಗಕ್ಕೆ ಕಾಳು ತುಂಬಬೇಕು. ಮಧ್ಯಾಹ್ನದ ಪಂದ್ಯ ಇದ್ದರೆ ಮೊದಲು ನೀರು ಹಾಕಬೇಕು, ಇಲ್ಲದಿದ್ದರೆ ಅಂಗಾಲು ಬೇಯುತ್ತೆ. ಬೂಟು ಎಜಿ ಸ್ಟಡ್ಡೇ ಬೇಕು, ಅಂದ್ರೆ ಕೃತಕ ಹುಲ್ಲಿಗೆ ಅಂತ ಮಾಡಿದ ಅಡಿಯ ಮುಳ್ಳು, ಗಿಡ್ಡ, ಸಂಖ್ಯೆ ಜಾಸ್ತಿ. ಹುಲ್ಲಿನ ಉದ್ದ ಸ್ಟಡ್ ಹಾಕಿ ತಿರುಗಿದರೆ ಪಾದ ನೆಲದಲ್ಲೇ ಸಿಕ್ಕಿಕೊಂಡು ಮಂಡಿ ತಿರುಚುತ್ತೆ.

ಹುಬ್ಬಳ್ಳಿ_ಹಾಫ್‌ಬ್ಯಾಕ್
ಇದೊಂದು ಕಾಮೆಂಟ್ ಪ್ರಿಂಟ್ ತೆಗದು ನಮ್ಮೂರಿನ ಟರ್ಫ್ ಬಾಡಿಗೆ ಕೊಡೋರಿಗೆ ಕೊಡ್ತೀನ್ರೀ.

ಹಳೇ_ಬೂಟು
ಬೆಂಗಳೂರು ನಿಲ್ಲಲ್ಲ ಅನ್ನೋ ಮಾತೇ ಅರ್ಧ ಸತ್ಯ. ಬೆಂಗಳೂರು ಎಫ್‌ಸಿ 2013-14ರಲ್ಲಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, ಅದೇ ಅಶೋಕನಗರದ ಮೈದಾನದಲ್ಲಿ ಆಡಿ. 2015-16ರಲ್ಲಿ ಮತ್ತೆ. ಎರಡೂ ಸಲ ಕೋಚ್ ಆಶ್ಲಿ ವೆಸ್ಟ್‌ವುಡ್. ಆಗ ಐ-ಲೀಗ್ ಮೊದಲ ದರ್ಜೆ. ಅದಕ್ಕೂ ಮೊದಲು ಎಚ್‌ಎಎಲ್ 2010ರಲ್ಲಿ ಎರಡನೇ ಡಿವಿಷನ್‌ನಿಂದ ಏರಿ ಎರಡು ಸೀಸನ್ ಆಡಿ 2012ರಲ್ಲಿ ಇಳಿಯಿತು. ಇನ್ನೂ ಹಿಂದಕ್ಕೆ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದದ್ದು ಮೊಹಮ್ಮಡನ್ ಸ್ಪೋರ್ಟಿಂಗ್‌ನ ಸೋಲಿಸಿ. ಮಾರನೇ ವರ್ಷವೂ ಕಪ್ ಅವರದ್ದೇ.

ಸಂತೋಷ್ ಟ್ರೋಫಿಯಲ್ಲೂ ಮೈಸೂರು ಹೆಸರಲ್ಲಿ ನಾಲ್ಕು ಸಲ ಗೆದ್ದು, 54 ವರ್ಷ ಬಿಟ್ಟು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿದೆವು. ಆಟಗಾರರ ಕೊರತೆ ಇಲ್ಲ ಅಂತ ಇದರರ್ಥ.

ಅಶೋಕನಗರ_ಟರ್ಫ್
ಯಜಮಾನ್ರೇ, ಆಟಗಾರರು ಇದ್ದಾರೆ ಅನ್ನೋದು ಯಾರಿಗೆ ಗೊತ್ತಿಲ್ಲ. ಅವರನ್ನು ಮೂರು ವರ್ಷ ಒಂದೇ ಕಡೆ ಇಟ್ಟುಕೊಳ್ಳೋ ಕ್ಲಬ್ ಎಲ್ಲಿದೆ ಅನ್ನೋದು ಪ್ರಶ್ನೆ. ಎಚ್‌ಎಎಲ್‌ನಲ್ಲಿ ಕೆಲಸ ಇತ್ತು, ಪಿಂಚಣಿ ಇತ್ತು. ಈಗ ಒಂದು ಸೀಸನ್ ಕರಾರು, ಏಪ್ರಿಲ್‌ಗೆ ಮುಗೀತು.

ಹಳೇ_ಬೂಟು
ಡೆಂಪೊ ನೋಡಿ. ಐ-ಲೀಗ್ ಮೂರು ಸಲ ಗೆದ್ದ ಕ್ಲಬ್. 2016ರಲ್ಲಿ ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಗೋವಾ ಜೊತೆ ಲೀಗಿನಿಂದಲೇ ಹೊರನಡೆಯಿತು. 2023-24ರಲ್ಲಿ ಎಸ್‌ಸಿ ಬೆಂಗಳೂರಿನ ಹಿಂದೆಯೇ ಐ-ಲೀಗ್ 2ರಿಂದ ಏರಿ ಬಂತು, ಮತ್ತೆ ನಿಂತುಕೊಂಡಿದೆ. ಇಬ್ಬರೂ ಒಂದೇ ಬಾಗಿಲಲ್ಲಿ ಬಂದವರು, ಒಬ್ಬರು ಉಳಿದರು, ಒಬ್ಬರು ಹೋದರು. ಅಕಾಡೆಮಿಯಿಂದ ಬಂದ ಗೋವಾದ ಹುಡುಗರನ್ನೇ ನೆಚ್ಚಿಕೊಂಡದ್ದು ಅವರ ಬಲ.

ಕಲ್ಯಾಣಿ_ಎಕ್ಸ್‌ಪ್ರೆಸ್
ದುಡ್ಡಿದ್ದರೆ ಎಷ್ಟು ಬೇಗ ಏರಬಹುದು ಅನ್ನೋದಕ್ಕೆ ಡೈಮಂಡ್ ಹಾರ್ಬರ್ ನೋಡಿ. 2024-25ರಲ್ಲಿ ಐ-ಲೀಗ್ 3, ಅದೇ ಸೀಸನ್‌ಗೆ ಐ-ಲೀಗ್ 2, ಆಮೇಲೆ ಚಾನ್ಮಾರಿ ಜೊತೆ ಐ-ಲೀಗ್‌ಗೆ ಏರಿದರು. ಆಗಿನ ಕೋಚ್ ಕಿಬು ವಿಕುನಾ, 2019-20ರಲ್ಲಿ ಮೋಹನ್ ಬಾಗಾನ್‌ಗೆ ಐ-ಲೀಗ್ ಗೆದ್ದುಕೊಟ್ಟವರು. 2025ರ ಡುರಾಂಡ್ ಕಪ್ ಫೈನಲ್‌ಗೂ ಹೋದರು.

ಗೋಲ್‌ಕಿಕ್
ನಾರ್ತ್‌ಈಸ್ಟ್ ಎದುರು 6-1 ತಿಂದಿದ್ದನ್ನೂ ಹೇಳಿ.

ಕಲ್ಯಾಣಿ_ಎಕ್ಸ್‌ಪ್ರೆಸ್
ಫೈನಲ್‌ಗೆ ಹೋದವರು ತಾನೇ ತಿನ್ನೋದು.

ಕಂಠೀರವ_ಗ್ಯಾಲರಿ
ದುಡ್ಡಿಲ್ಲದೆಯೂ ಆಗಿದೆ. ಐಜ್ವಾಲ್ 2015-16ರಲ್ಲಿ ಇಳಿದಿತ್ತು, ಗೋವಾದವರು ಹೊರಟಮೇಲೆ ವಾಪಸ್ ಸೇರಿಸಿಕೊಂಡರು, 2016-17ರಲ್ಲಿ ಚಾಂಪಿಯನ್. ಕೋಚ್ ಖಾಲಿದ್ ಜಮೀಲ್. ಅವರೇ 2025ರಲ್ಲಿ ಭಾರತ ತಂಡದ ಕೋಚ್ ಆದರು.

ತುಳುನಾಡ_ಥ್ರೋಇನ್
ಒಂದು ಡೌಟು. ಸಣ್ಣ ಕ್ಲಬ್ಬು ಹುಡುಗನನ್ನು ಬೆಳೆಸಿ ದೊಡ್ಡ ಕ್ಲಬ್ಬಿಗೆ ಬಿಟ್ಟರೆ ಏನಾದ್ರೂ ಸಿಗುತ್ತಾ, ಇಲ್ಲ ಸನ್ಮಾನಕ್ಕೆ ಶಾಲು ಮಾತ್ರಾನಾ?

ಲೈಸೆನ್ಸ್_ಲಿಂಗಪ್ಪ
ಹುಡುಗ ಮುಂದೆ ವಿದೇಶದ ಕ್ಲಬ್ಬಿಗೆ ಶುಲ್ಕಕ್ಕೆ ವರ್ಗವಾದರೆ ಸಿಗುತ್ತೆ. ಫಿಫಾದ ಸಾಲಿಡಾರಿಟಿ ಪಾಲು ಒಟ್ಟು 5%. 12ರಿಂದ 15ರ ವಯಸ್ಸಿನ ಪ್ರತಿ ವರ್ಷಕ್ಕೆ ಶುಲ್ಕದ 0.25%, 16ರಿಂದ 23ರವರೆಗೆ ಪ್ರತಿ ವರ್ಷಕ್ಕೆ 0.5%. ಅಂದರೆ 1 ಕೋಟಿ ವರ್ಗಾವಣೆಯಲ್ಲಿ, 12ರಿಂದ 15ರವರೆಗೆ ಸಾಕಿದ ಕ್ಲಬ್ಬಿಗೆ ನಾಲ್ಕು ವರ್ಷಕ್ಕೆ 1 ಲಕ್ಷ. 16, 17, 18 ಮೂರು ವರ್ಷ ಇಟ್ಟುಕೊಂಡವರಿಗೆ ಒಂದೂವರೆ ಲಕ್ಷ.

ಎಡವೋದು ಎಲ್ಲಿ ಅಂದ್ರೆ ದಾಖಲೆಯಲ್ಲಿ. ಹುಡುಗ ನಿಮ್ಮಲ್ಲಿ ಆಡ್ತಿದ್ದ ಅಂತ ಊರಿಗೆಲ್ಲ ಗೊತ್ತಿದ್ದರೂ ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಆ ವರ್ಷದ ನೋಂದಣಿ ಇಲ್ಲದಿದ್ದರೆ ಅವನ ಆಟಗಾರ ಪಾಸ್‌ಪೋರ್ಟಿನಲ್ಲಿ (ಯಾವ ವರ್ಷ ಯಾವ ಕ್ಲಬ್ ಅನ್ನೋ ದಾಖಲೆ) ನಿಮ್ಮ ಹೆಸರೇ ಬರಲ್ಲ. ಹೆಸರು ಇಲ್ಲ ಅಂದ್ರೆ ಹಣ ಇಲ್ಲ. ಪ್ರತಿ ಸೀಸನ್ ನವೀಕರಿಸಿ, ಶುರುವಿನ ದಿನ, ಕೊನೆಯ ದಿನ ಎರಡೂ ಸರಿ ಇದೆಯಾ ನೋಡಿ. ಜನ್ಮದಿನಾಂಕ ಆಧಾರ್‌ನಲ್ಲೊಂದು, ಶಾಲೆಯಲ್ಲೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಮೂಲೆ_ಧ್ವಜ
ಒಳ್ಳೇ ಮಾಹಿತಿ. ಈ ಕಾರ್ಡಿನ ಎಡವಟ್ಟು ಕ್ಲಬ್‌ನವರು ತಪ್ಪಿಸೋದು ಹೇಗೆ? ನಮ್ಮ ಕಡೆ ಸಿ ಡಿವಿಷನ್ ತಂಡಕ್ಕೂ ಉಪಯೋಗ ಆಗಬಹುದು.

ನಿಯಮಾವಳಿ_ನಂಜ
ಒಂದು ನೋಟ್‌ಬುಕ್ ಸಾಕು. ಪ್ರತಿ ಆಟಗಾರನಿಗೆ ಒಂದು ಸಾಲು, ಪ್ರತಿ ಪಂದ್ಯಕ್ಕೆ ಒಂದು ಕಾಲಂ. ಪಂದ್ಯ ಮುಗಿದ ಕೂಡಲೇ ರೆಫರಿ ವರದಿ ನೋಡಿಯೇ ಬರೆಯಿರಿ, ಟಿವಿಯಲ್ಲಿ ಕಂಡದ್ದನ್ನಲ್ಲ. ಗುಂಪು ಗಲಾಟೆ ಆದಾಗ ಕಾರ್ಡ್ ಯಾರಿಗೆ ಹೋಯ್ತು ಅಂತ ಬೆಂಚಿಗೆ ಕಾಣಲ್ಲ, ಎಡವಟ್ಟು ಹುಟ್ಟೋದೇ ಅಲ್ಲಿ. ಎರಡು ಹಳದಿಯಿಂದ ಬಂದ ಕೆಂಪಾದರೆ ಆ ಹಳದಿಗಳು ಒಟ್ಟು ಲೆಕ್ಕಕ್ಕೆ ಸೇರುತ್ತವಾ ಅನ್ನೋದು ಟೂರ್ನಿಯಿಂದ ಟೂರ್ನಿಗೆ ಬೇರೆ, ನಿಮ್ಮ ನಿಯಮಾವಳಿ ತೆಗೆದು ಮೊದಲ ಪುಟದಲ್ಲೇ ಅಂಟಿಸಿ. ಹೋದ ಸೀಸನ್ನಿನ ಕೊನೆ ಪಂದ್ಯದ ಕೆಂಪು ಕಾರ್ಡು ಹೊಸ ಸೀಸನ್ನಿಗೂ ಬರುತ್ತೆ, ಬೇರೆ ಕ್ಲಬ್ಬಿನಿಂದ ಬಂದ ಆಟಗಾರನ ಜೊತೆ ಅಮಾನತೂ ಬರುತ್ತೆ. ಇದನ್ನು ಕೇಳೋರೇ ಇಲ್ಲ.

ಸಂಘದಿಂದ ಅಮಾನತಿನ ಇ-ಮೇಲ್ ಬಂದರೆ ಸರಿ, ಬರಲಿಲ್ಲ ಅಂತ ಆಡಿಸಬೇಡಿ. ಅನುಮಾನ ಇದ್ದರೆ ಬರಹದಲ್ಲಿ ಕೇಳಿ, ಉತ್ತರ ಬರೋವರೆಗೆ ಅವನನ್ನು ಹೊರಗಿಡಿ. ಆಟಗಾರರ ಪಟ್ಟಿ ಮ್ಯಾಚ್ ಕಮಿಷನರ್ ಕೈಗೆ ಹೋಗೋ ಮುಂಚೆ ಇಬ್ಬರು ಬೇರೆಬೇರೆಯಾಗಿ ಓದಬೇಕು.

ಲೈಸೆನ್ಸ್_ಲಿಂಗಪ್ಪ
ಎದುರಾಳಿ ತಪ್ಪು ಮಾಡಿದ್ದರೆ ಪ್ರತಿಭಟನೆ ಸಲ್ಲಿಸೋ ಗಡುವನ್ನೂ ಬರೆದಿಟ್ಟುಕೊಳ್ಳಿ. ಪಂದ್ಯದ ನಂತರ ಗಂಟೆಗಳ ಲೆಕ್ಕದಲ್ಲಿ ಇರುತ್ತೆ, ಶುಲ್ಕವೂ ಜೊತೆಗೇ ಕಟ್ಟಬೇಕು. ಸಿಎಎಸ್‌ವರೆಗೆ ಹೋಗೋದಾದರೆ ದೇಶದೊಳಗಿನ ಸಮಿತಿಗಳೆಲ್ಲ ಮುಗಿದಿರಬೇಕು, ಬೇರೆ ಗಡುವು ಹೇಳಿಲ್ಲದಿದ್ದರೆ ತೀರ್ಪು ಕೈಸೇರಿ 21 ದಿನ. ಅರ್ಜಿ ಹಾಕೋಕೇ 1,000 ಸ್ವಿಸ್ ಫ್ರಾಂಕ್.

ಗೋಲ್‌ಕಿಕ್
ಸಿ ಡಿವಿಷನ್‌ನವರು ಸ್ವಿಟ್ಜರ್ಲೆಂಡ್‌ಗೆ ಹೋಗ್ತಾರಾ ಲಿಂಗಪ್ಪೋರೆ?

ಹುಬ್ಬಳ್ಳಿ_ಹಾಫ್‌ಬ್ಯಾಕ್
ಹೋದ್ರ ಹೋಗ್ಲಿ ಬಿಡ್ರೀ. ನಂಜಣ್ಣ, ಬೇರೆ ಕ್ಲಬ್ಬಿನ ಅಮಾನತು ಜೊತಿಗೆ ಬರ್ತೈತಿ ಅಂದ್ರಲ್ಲ, ಅದು ಹಳದಿಗೂ ಹೌದೋ ಕೆಂಪಿಗಷ್ಟೋ?

ನಿಯಮಾವಳಿ_ನಂಜ
ಪೂರ್ತಿ ಆಗದೆ ಉಳಿದ ಅಮಾನತು ಇದ್ದರೆ ಅದು ಬರುತ್ತೆ, ಕಾರಣ ಯಾವ ಬಣ್ಣದ್ದಾದರೂ. ಬಿಡಿ ಹಳದಿಗಳು ಒಂದೇ ಟೂರ್ನಿಯೊಳಗೆ ಮಧ್ಯೆ ಕ್ಲಬ್ ಬದಲಿಸಿದರೆ ಸಾಮಾನ್ಯವಾಗಿ ಆಟಗಾರನ ಬೆನ್ನಿಗೇ ಇರುತ್ತವೆ. ಜನವರಿಯಲ್ಲಿ ಯಾರನ್ನಾದರೂ ತಗೊಳ್ಳೋವಾಗ ವರ್ಗಾವಣೆ ಪತ್ರದ ಜೊತೆ ಅವನ ಕಾರ್ಡ್ ದಾಖಲೆಯನ್ನೂ ಹಳೇ ಕ್ಲಬ್ಬಿನಿಂದ ಸಹಿ ಹಾಕಿಸಿ ತರಿಸಿಕೊಳ್ಳಿ.